ನಾಯಿಯೊಂದಿಗೆ ಮೊದಲ ವಿದೇಶಿ ಕ್ಯಾಂಪರ್ ವ್ಯಾನ್ ಪ್ರವಾಸ: ಕಾಸರಗೋಡಿನಿಂದ ಹೊರಡುವವರಿಗೆ ಯಾವ ದಾರಿ?

ಮಗಳು ಜರ್ಮನಿಯಲ್ಲೋ ತಮ್ಮ ದುಬೈಯಲ್ಲೋ ಇದ್ದಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಮೂರು ವಾರ ಬಿಡುವು ಮಾಡಿಕೊಳ್ಳಬಹುದು. ವ್ಯಾನಿನಲ್ಲೇ ಮಲಗಿ, ಅಲ್ಲೇ ಗಂಜಿ ಬೇಯಿಸಿ, ಇಷ್ಟವಾದಲ್ಲಿ ನಿಂತು ಊರು ನೋಡುವ ಆಸೆ. ಆದರೆ ಅಂಗಳದಲ್ಲಿ ಮಲಗಿರುವ ನಾಯಿಯನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಹೀಗೆ ಕೇಳುವವರು ಹೆಚ್ಚಾಗಿ ಮೊದಲು ವ್ಯಾನಿನ ಫೋಟೋ ತೋರಿಸುತ್ತಾರೆ, ನಾಯಿಯ ಲಸಿಕೆ ಪುಸ್ತಕವನ್ನಲ್ಲ. ಆಗಬೇಕಾದದ್ದು ತಿರುಗಾಮುರುಗಾ. ನೀವು ಯಾವ ದೇಶಕ್ಕೆ, ಯಾವ ತಿಂಗಳಲ್ಲಿ ಹೋಗಬಹುದು ಎಂಬುದನ್ನು ತೀರ್ಮಾನಿಸುವುದು ನಾಯಿಯ ಕಾಗದಗಳು. ವ್ಯಾನನ್ನು ಆಮೇಲೆ ಹುಡುಕಿದರೆ ಸಾಕು.

ಮೊದಲು ಅಳೆಯಬೇಕಾದದ್ದು

ಕೈಯಲ್ಲಿ ಎಷ್ಟು ತಿಂಗಳಿವೆ ಎಂಬುದು ಮೊದಲ ಅಳತೆ. ಎರಡನೆಯದು ನಾಯಿ: ತೂಕ, ವಯಸ್ಸು, ಮೂಗಿನ ಉದ್ದ, ಗೂಡಿನೊಳಗೆ ಇರುವ ಅಭ್ಯಾಸ. ತೋಟವಿಡೀ ಓಡಾಡಿ ಬೆಳೆದ ಊರ ನಾಯಿಗೆ ಪೆಟ್ಟಿಗೆಯೊಳಗೆ ಹನ್ನೆರಡು ಗಂಟೆ ಎಂದರೆ ದೊಡ್ಡ ಶಿಕ್ಷೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಬಿಸಿಯಲ್ಲಿ ಉಸಿರಾಟ ಕಟ್ಟುವುದರಿಂದ ಅವನ್ನು ಹಲವು ವಿಮಾನ ಕಂಪನಿಗಳು ಸರಕು ವಿಭಾಗದಲ್ಲಿ ಒಯ್ಯುವುದೇ ಇಲ್ಲ. ಮೂರನೆಯದು ಮರಳಿ ಬರುವ ದಾರಿ. ಹೋಗುವುದಕ್ಕೆ ತಲೆಕೆಡಿಸಿಕೊಂಡಷ್ಟು ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ನಾಲ್ಕನೆಯದು ರಸ್ತೆ: ಎಡಗಡೆಯ ಓಡಾಟವೋ ಬಲಗಡೆಯದ್ದೋ, ರಾತ್ರಿ ಎಲ್ಲಿ ನಿಲ್ಲಿಸಬಹುದು. ಹಣ ಕೊನೆಯದು, ಏಕೆಂದರೆ ಮೇಲಿನ ನಾಲ್ಕು ತೀರ್ಮಾನವಾದಾಗ ಅದರ ಅಂದಾಜು ತಾನಾಗಿ ಸಿಗುತ್ತದೆ.

ಯಾವ ದಾರಿ ಹಿಡಿದರೂ ಮನೆಯಲ್ಲೇ ಆಗಬೇಕಾದ ಕೆಲಸ ಒಂದೇ. ಪಂಚಾಯತಿನ ನಾಯಿ ಲೈಸೆನ್ಸ್ ಚಾಲ್ತಿಯಲ್ಲಿರಲಿ. ಲಸಿಕೆ ಪುಸ್ತಕದಲ್ಲಿ ಬರೇ ತಾರೀಕು ಇದ್ದರೆ ಸಾಲದು. ಲಸಿಕೆಯ ಹೆಸರು, ಬ್ಯಾಚ್ ನಂಬರ್, ವೈದ್ಯರ ಸಹಿ, ಮೊಹರು ಎಲ್ಲ ಬೇಕು. ನಮ್ಮ ಕರಾವಳಿಯ ನಾಯಿಗಳಲ್ಲಿ ಉಣುಗಿನಿಂದ ಬರುವ ಜ್ವರ ಸಾಮಾನ್ಯವಾದ್ದರಿಂದ ಹೊರಡುವ ಎರಡು ತಿಂಗಳು ಮೊದಲು ರಕ್ತ ಪರೀಕ್ಷೆ ಮಾಡಿಸಿ. ಒಳಗೇ ಅಡಗಿರುವ ಎರ್ಲಿಕಿಯಾ ಎಂಬ ಆ ಜ್ವರದ ರೋಗಾಣು ಪ್ರಯಾಣದ ದಣಿವಿನಲ್ಲಿ ತಲೆಯೆತ್ತುತ್ತದೆ.

ನೇಪಾಳ: ಸ್ವಂತ ವಾಹನ, ಕಡಿಮೆ ಕಾಗದ, ಉದ್ದದ ದಾರಿ

ವಿಮಾನ ಬೇಡ, ಪೆಟ್ಟಿಗೆ ಬೇಡ ಎನ್ನುವವರಿಗೆ ಇದೊಂದೇ ನಿಜವಾದ ಆಯ್ಕೆ. ನಮ್ಮ ಹಾಗೆಯೇ ಎಡಗಡೆಯ ಓಡಾಟ. ಭಾರತೀಯರಿಗೆ ವೀಸಾ ಇಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತುಚೀಟಿ ಸಾಕು. ನಮ್ಮ ನೂರು ರೂಪಾಯಿಗೆ ಅಲ್ಲಿನ 160. ಯುರೋಪಿಗೆ ಕೇಳುವ ರೇಬಿಸ್ ರಕ್ತಪರೀಕ್ಷೆಯ ಗೊಡವೆಯೂ ಇಲ್ಲ. ಚಾಲ್ತಿಯಲ್ಲಿರುವ ರೇಬಿಸ್ ಲಸಿಕೆಯ ಪುಸ್ತಕ, ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಎರಡರದ್ದೂ ಮೂರು ಮೂರು ಪ್ರತಿ ಇಟ್ಟುಕೊಳ್ಳಿ. ಗಡಿ ದಾಟಿ ಮರಳುವಾಗ ಏನೇನು ತೋರಿಸಬೇಕೆಂದು ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲಿ ಮೊದಲೇ ಕೇಳಿಡಿ.

ತೊಂದರೆ ಇರುವುದು ದೂರದಲ್ಲಿ. ಕಾಸರಗೋಡಿನಿಂದ ಗೋರಖ್‌ಪುರದಾಚೆಯ ಸುನೌಲಿ ಗಡಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ನಾಯಿ ಇದ್ದರೆ ದಿನಕ್ಕೆ 400 ಕಿ.ಮೀ.ಗಿಂತ ಹೆಚ್ಚು ಎಳೆಯಬಾರದು, ಎರಡು ಎರಡೂವರೆ ಗಂಟೆಗೊಮ್ಮೆ ಇಳಿಸಬೇಕು. ಅಂದರೆ ಹೋಗಲು ಆರು ದಿನ, ಬರಲು ಆರು ದಿನ. ಎರಡು ವಾರದ ರಜೆ ಇರುವವರು ಇದನ್ನು ಬಿಡುವುದೇ ವಾಸಿ. ನಾಲ್ಕು ವಾರ ಇದ್ದರೆ ಮಾತ್ರ ಹೊರಡಿ.

ಗಡಿಯಲ್ಲಿ ವಾಹನಕ್ಕೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಿ ಚೀಟಿ ಮಾಡಿಸಬೇಕು; ಅಲ್ಲಿ ಅದನ್ನು ಭನ್ಸಾರ್ ಎನ್ನುತ್ತಾರೆ. ವರ್ಷಕ್ಕೆ ಒಟ್ಟು 30 ದಿನದ ಮಿತಿ ಇದೆ. ಹತ್ತು ದಿನಕ್ಕೆ ಯೋಜನೆ ಹಾಕಿದ್ದರೆ ಹನ್ನೆರಡು ದಿನಕ್ಕೆ ಕಟ್ಟಿ. ಗುಡ್ಡ ಕುಸಿದು ಒಂದು ದಿನ ತಡವಾದರೆ ದಂಡದ ತಲೆನೋವು ತಪ್ಪುತ್ತದೆ. ಆರ್.ಸಿ. ಮೂಲಪ್ರತಿ ಜೊತೆಗಿರಲಿ. ನಮ್ಮ ವಾಹನ ವಿಮೆ ಸುಮ್ಮನೆ ನೇಪಾಳಕ್ಕೆ ಅನ್ವಯಿಸುವುದಿಲ್ಲ. ಹೆಚ್ಚುವರಿ ಕಂತು ಕಟ್ಟಿ ಭೌಗೋಳಿಕ ವ್ಯಾಪ್ತಿ ವಿಸ್ತರಣೆಯ ಪತ್ರವನ್ನು ವಿಮಾ ಕಂಪನಿಯಿಂದ ಪಡೆಯಬೇಕು.

ಸ್ವಂತ ಟ್ರಾವೆಲರನ್ನೋ ಈಕೋವನ್ನೋ ಕ್ಯಾಂಪರ್ ಮಾಡುವವರು ಒಂದು ಗೆರೆ ದಾಟಬಾರದು. ಸೀಟು ಕಿತ್ತು ಖಾಯಂ ಹಾಸಿಗೆ, ಕಪಾಟು ಬೋಲ್ಟು ಹಾಕಿ ಕೂರಿಸಿದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬದಲಾವಣೆಯಾಗುತ್ತದೆ, ಆರ್.ಟಿ.ಓ. ಒಪ್ಪಿಗೆ ಬೇಕು. ಎತ್ತಿ ಹೊರಗಿಡಬಹುದಾದ ಮರದ ಮಂಚ, ಅದರಡಿಯಲ್ಲಿ ಡಬ್ಬಗಳು, ಸೀಟುಗಳು ತಮ್ಮ ಜಾಗದಲ್ಲೇ. ಮೊದಲ ಪ್ರವಾಸಕ್ಕೆ ಇಷ್ಟು ಸಾಕು. ಬಾಡಿಗೆ ಕ್ಯಾರವಾನ್ ಆದರೆ ದೇಶದ ಹೊರಗೆ ಒಯ್ಯಲು ಮಾಲೀಕರ ಲಿಖಿತ ಒಪ್ಪಿಗೆ ಕಡ್ಡಾಯ.

ಕಾಲದ ವಿಷಯದಲ್ಲಿ ರಾಜಿ ಬೇಡ: ಅಕ್ಟೋಬರ್-ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್. ಮಳೆಗಾಲದಲ್ಲಿ ನಾರಾಯಣಗಢ-ಮುಗ್ಲಿನ್ ರಸ್ತೆ ಅಪಾಯದ್ದು. 2024ರ ಜುಲೈಯಲ್ಲಿ ಅಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳೇ ತ್ರಿಶೂಲಿ ನದಿಗೆ ಬಿದ್ದವು. ದೀಪಾವಳಿಯ ಹೊತ್ತಿಗೆ ಹೋದರೆ ಒಂದು ಚಂದದ ನೋಟ ಸಿಗುತ್ತದೆ. ಅಲ್ಲಿನ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಗಳದ್ದು. ಮನೆನಾಯಿ, ಬೀದಿನಾಯಿ ಎನ್ನದೆ ಎಲ್ಲಕ್ಕೂ ತಿಲಕ ಇಟ್ಟು ಹಾರ ಹಾಕುತ್ತಾರೆ. ಆದರೆ ರೇಬಿಸ್ ಅಲ್ಲೂ ಇದೆ, ಬೀದಿನಾಯಿಗಳ ಗುಂಪೂ ಇದೆ. ಹಗ್ಗ ಬಿಚ್ಚಿ ಬಿಡುವ ಊರಿನ ಅಭ್ಯಾಸ ಅಲ್ಲಿ ಬೇಡ.

ಯುರೋಪು: ನಾಲ್ಕು ತಿಂಗಳ ತಾಳ್ಮೆ ಇದ್ದವರಿಗೆ

ಕ್ಯಾಂಪರ್ ವ್ಯಾನಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗಲಿಕ್ಕಿಲ್ಲ. ಜರ್ಮನಿಯ ಸ್ಟೆಲ್‌ಪ್ಲಾಟ್ಸ್, ಫ್ರಾನ್ಸಿನ ಏರ್ ಎಂಬ ನಿಲ್ದಾಣಗಳು ವ್ಯಾನುಗಳಿಗೆಂದೇ ಇರುವಂಥವು. ಹಲವು ಕಡೆ ನೀರು ತುಂಬಿಸಬಹುದು, ಕೊಳಕು ನೀರು ಚೆಲ್ಲಬಹುದು, ಕರೆಂಟು ಪಡೆಯಬಹುದು. ನಾಯಿಗೂ ಹೆಚ್ಚಿನ ಕಡೆ ಸ್ವಾಗತ.

ಆದರೆ ಯುರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ ಭಾರತ ರೇಬಿಸ್ ಹತೋಟಿಯಲ್ಲಿರುವ ದೇಶವಲ್ಲ. ಹಾಗಾಗಿ ಕೆಲಸಗಳು ಒಂದು ಕ್ರಮದಲ್ಲೇ ಆಗಬೇಕು. ಮೊದಲು 15 ಅಂಕಿಯ ಐ.ಎಸ್.ಓ. ಮೈಕ್ರೋಚಿಪ್, ಅಂದರೆ ನಾಯಿಯ ಚರ್ಮದಡಿ ಹಾಕುವ ಗುರುತಿನ ಚಿಪ್. ಆಮೇಲೆ, ಅಥವಾ ಅದೇ ದಿನ ಚಿಪ್ ಹಾಕಿದ ನಂತರ, ರೇಬಿಸ್ ಲಸಿಕೆ. ಲಸಿಕೆಯಾಗಿ ಕಡಿಮೆಯೆಂದರೆ 30 ದಿನ ಕಳೆದು ರಕ್ತ ತೆಗೆಸಿ, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಸೀರಂ (ರಕ್ತದ ತಿಳಿಭಾಗ) ಕಳುಹಿಸಬೇಕು. ಪ್ರತಿಕಾಯದ ಮಟ್ಟ ಮಿಲ್ಲಿಲೀಟರಿಗೆ 0.5 ಐ.ಯು. (ಅಂತಾರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಹೆಚ್ಚಿರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ, ಅಲ್ಲಿ ತಲುಪುವುದಕ್ಕೆ ಮುಂಚಿನ 10 ದಿನದೊಳಗೆ ಸರಕಾರಿ ಅಧಿಕಾರಿಯ ಸಹಿಯ ಆರೋಗ್ಯ ಪತ್ರ.

ಇಲ್ಲಿ ತಪ್ಪುಗಳು ಆಗುವುದು ಮೂರು ಕಡೆ. ಚಿಪ್ಪಿಗಿಂತ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಯಾವ ನಾಯಿಗೆ ಲಸಿಕೆ ಹಾಕಲಾಯಿತೆಂದು ಗುರುತಿಸುವುದು ಚಿಪ್ಪಿನಿಂದಲೇ, ಪುಸ್ತಕದಲ್ಲಿನ ಹೆಸರಿನಿಂದಲ್ಲ. ಎರಡನೆಯದು, ಎಳೆ ನಾಯಿಗೆ ಒಂದೇ ಡೋಸ್ ಹಾಕಿ ರಕ್ತ ತೆಗೆಸಿದರೆ ಮಟ್ಟ 0.5ಕ್ಕೆ ಏರದೆ ಇರಬಹುದು. ಮೂರು ನಾಲ್ಕು ವಾರ ಬಿಟ್ಟು ಎರಡನೆಯ ಡೋಸ್ ಹಾಕಿಸಿ, ಅಲ್ಲಿಂದ 30 ದಿನ ಎಣಿಸುವುದು ಭದ್ರ. ಮೂರನೆಯದು ವಾರ್ಷಿಕ ಲಸಿಕೆ ಒಂದು ದಿನ ತಡವಾಗುವುದು. ಎಡೆ ಬಿಡದೆ ಲಸಿಕೆ ಹಾಕಿಸುತ್ತಾ ಬಂದರೆ ಒಮ್ಮೆ ಮಾಡಿಸಿದ ರಕ್ತಪರೀಕ್ಷೆ ನಾಯಿಯ ಆಯುಷ್ಯವಿಡೀ ನಡೆಯುತ್ತದೆ. ಎಡೆ ಬಿದ್ದರೆ ಪರೀಕ್ಷೆಯೂ ಮೂರು ತಿಂಗಳ ಕಾಯುವಿಕೆಯೂ ಹೊಸತಾಗಿ ಶುರು.

ಫಿನ್ಲೆಂಡ್, ಐರ್ಲೆಂಡ್, ಮಾಲ್ಟಾ, ನಾರ್ವೆ ಸೇರಿಸುವುದಾದರೆ ಪ್ರವೇಶಕ್ಕೆ 24ರಿಂದ 120 ಗಂಟೆ ಮೊದಲು ಲಾಡಿಹುಳದ ಔಷಧ ಕೊಡಿಸಿ ವೈದ್ಯರಿಂದ ಬರೆಸಬೇಕು. ಮೊದಲ ಸಲಕ್ಕೆ ಇವನ್ನು ಬಿಟ್ಟುಬಿಡಿ. ಬ್ರಿಟನ್ನನ್ನೂ ಬಿಡಿ, ವಿಮಾನದಲ್ಲಿ ಅಲ್ಲಿಗೆ ಹೋಗುವ ಸಾಕುನಾಯಿ ಸರಕಾಗಿಯೇ ಇಳಿಯಬೇಕು, ಖರ್ಚು ಏರುತ್ತದೆ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸು ಮೊದಲ ಸುತ್ತಿಗೆ ಧಾರಾಳ. ಸ್ಪೇನ್, ಇಟಲಿಯ ದಕ್ಷಿಣ ಭಾಗದಲ್ಲಿ ಮರಳುನೊಣದಿಂದ ಲೀಶ್ಮೇನಿಯಾ ಎಂಬ ರೋಗ ತಗಲುತ್ತದೆ, ಅದಕ್ಕೆ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಇರುವ ಪಟ್ಟಿ ಎರಡು ವಾರ ಮೊದಲೇ ಕುತ್ತಿಗೆಗೆ ಬೀಳಬೇಕು. ಚಳಿಗಾಲದ ಕೊನೆಗೆ ಅಲ್ಲಿನ ಪೈನ್ ಮರಗಳಡಿಯಲ್ಲಿ ಸಾಲಾಗಿ ಹೋಗುವ ಕಂಬಳಿಹುಳಗಳನ್ನು ನಾಯಿ ಮೂಸಿದರೂ ನಾಲಿಗೆ ಊದಿಕೊಳ್ಳುತ್ತದೆ.

ವಿಮಾನದ ಖರ್ಚಿನಲ್ಲಿ ಎಲ್ಲರೂ ಮೋಸಹೋಗುವುದು ತೂಕದ ಲೆಕ್ಕದಲ್ಲಿ. ಚೀಲ ಸೇರಿ 8 ಕಿಲೋದೊಳಗಿನ ಸಣ್ಣ ನಾಯಿಯನ್ನು ಕೆಲವು ಕಂಪನಿಗಳು ಕಾಲಬುಡದಲ್ಲಿ ಇಟ್ಟುಕೊಳ್ಳಲು ಬಿಡುತ್ತವೆ. ದೊಡ್ಡ ನಾಯಿ ಸರಕಾಗಿ ಹೋದರೆ ದರ ಕಟ್ಟುವುದು ನಾಯಿಯ ತೂಕಕ್ಕಲ್ಲ, ಪೆಟ್ಟಿಗೆಯ ಅಳತೆಗೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ. 28 ಕಿಲೋದ ಲ್ಯಾಬ್ರಡಾರಿಗೆ 91×61×66ರ ಪೆಟ್ಟಿಗೆ ಎಂದಾದರೆ ಬರುವ ಲೆಕ್ಕ 61 ಕಿಲೋ. ಹಾಗೆಂದು ಸಣ್ಣ ಪೆಟ್ಟಿಗೆ ತೆಗೆದರೆ ಕೌಂಟರಿನಲ್ಲೇ ತಿರಸ್ಕಾರ. ಮೂಗಿನಿಂದ ಬಾಲದ ಬುಡಕ್ಕೆ ಇರುವ ಉದ್ದಕ್ಕೆ ಮೊಣಕೈಯೆತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡು ಪಟ್ಟು ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ, ಯಾವುದು ಮೇಲೋ ಅಲ್ಲಿಯ ತನಕ, ಜೊತೆಗೆ ಹಾಸಿನ ದಪ್ಪ, ಎತ್ತರ.

ಮಂಗಳೂರು, ಕಣ್ಣೂರು ಹತ್ತಿರವೆಂದು ಅಲ್ಲಿಂದ ಹೊರಡುವ ಲೆಕ್ಕ ಹಾಕಬೇಡಿ. ಬೆಂಗಳೂರಿನಲ್ಲಿ ಪ್ರಾಣಿ ಕ್ವಾರಂಟೈನ್ ಕಚೇರಿ ಇದೆ. ಕೊಚ್ಚಿ ವಿಮಾನ ನಿಲ್ದಾಣದಲ್ಲೂ 2024ರಲ್ಲಿ ಈ ವ್ಯವಸ್ಥೆ ಬಂತು. ಕಾಸರಗೋಡಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಕೊಚ್ಚಿಯ ದಾರಿ ಸಮತಟ್ಟು, ಬೆಂಗಳೂರಿಗೆ ಹೋಗಲು ಘಾಟಿ ಹತ್ತಬೇಕು, ವಾಂತಿ ಮಾಡುವ ನಾಯಿಗೆ ಅದು ಕಷ್ಟ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಡುವುದಾದರೆ ಬೆಂಗಳೂರಿನ ತಡರಾತ್ರಿಯ ವಿಮಾನವೇ ಒಳ್ಳೆಯದು. ನೆಲದ ಸೆಕೆ ಹೆಚ್ಚಿದ್ದರೆ ಕೆಲವು ಕಂಪನಿಗಳು ನಾಯಿಯನ್ನು ಹತ್ತಿಸುವುದೇ ಇಲ್ಲ. ಒಂದು ದಿನ ಮೊದಲೇ ಅಲ್ಲಿಗೆ ಮುಟ್ಟಿ.

ಮರಳುವ ವಿಷಯ. ಭಾರತದೊಳಗೆ ನಾಯಿ ಇಳಿಯುವುದು ಕ್ವಾರಂಟೈನ್ ವ್ಯವಸ್ಥೆ ಇರುವ ನಿಲ್ದಾಣಗಳಲ್ಲಿ ಮಾತ್ರ, ಅದೂ ಮುಂಗಡ ನಿರಾಕ್ಷೇಪಣಾ ಪತ್ರ ಇದ್ದರೆ. ವಿದೇಶದಲ್ಲಿ ನೆಲೆಸಿದ್ದು ಊರಿಗೆ ಬರುವವರ ನಾಯಿಗೆ ಇರುವ ನಿಯಮವೇ ಪ್ರವಾಸ ಮುಗಿಸಿ ಬರುವ ನಾಯಿಗೂ ಎಂದು ತಿಳಿಯಬೇಡಿ. ಟಿಕೆಟ್ ಕೊಳ್ಳುವ ಮೊದಲೇ ಕ್ವಾರಂಟೈನ್ ಕಚೇರಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಆ ಉತ್ತರ ಕೈಗೆ ಬರುವ ತನಕ ಯುರೋಪಿನ ಯೋಜನೆಗೆ ಒಂದು ರೂಪಾಯಿಯೂ ಕಟ್ಟಬಾರದು. ರೇಬಿಸ್ ಲಸಿಕೆ ಭಾರತಕ್ಕೆ ಮರಳುವ ದಿನಕ್ಕೆ ಒಂದು ತಿಂಗಳಿಗಿಂತ ಹಳೆಯದು, ಒಂದು ವರ್ಷಕ್ಕಿಂತ ಹೊಸತು ಆಗಿರಬೇಕು. ಮೂರು ವರ್ಷ ಬಾಳುವ ಲಸಿಕೆ ಯುರೋಪಿಗೆ ಸಾಕು, ಇಲ್ಲಿಗೆ ಸಾಲದು.

ನಿಮಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ (ದೊಡ್ಡವರಿಗೆ 90 ಯುರೋ), 30,000 ಯುರೋಗೆ ಕಡಿಮೆಯಿಲ್ಲದ ಪ್ರವಾಸ ವಿಮೆ, ಆರ್.ಟಿ.ಓ. ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ. ಅದಕ್ಕೆ ಫಾರಂ 4ಎ, ಶುಲ್ಕ 1,000 ರೂಪಾಯಿ, ಬಾಳಿಕೆ ಒಂದು ವರ್ಷ. ತುಪ್ಪ, ಹಾಲಿನ ಸಿಹಿ, ಮಾಂಸವಿರುವ ನಾಯಿ ಆಹಾರ ಯಾವುದನ್ನೂ ಒಯ್ಯುವಂತಿಲ್ಲ. ಅನ್ನ, ಬೂತಾಯಿ ತಿಂದು ಬೆಳೆದ ನಾಯಿಗೆ ಅಲ್ಲಿ ಒಮ್ಮೆಲೇ ಒಣ ಕಾಳು ಹಾಕಿದರೆ ಭೇದಿ ಖಚಿತ. ಊರಿನಲ್ಲೇ ಹತ್ತು ದಿನ ಸ್ವಲ್ಪಸ್ವಲ್ಪವಾಗಿ ಬೆರೆಸಿ ರೂಢಿ ಮಾಡಿಸಿ.

ದುಬೈ ಕಡೆ

ನೆಂಟರು ಇದ್ದಾರೆ, ವಿಮಾನ ಮೂರೂವರೆ ನಾಲ್ಕು ಗಂಟೆ ಎಂಬುದೇ ಇದರ ಬಲ. ಆದರೆ ಭಾರತದ ನಾಯಿಗೆ ಅಲ್ಲೂ ಚಿಪ್, ರೇಬಿಸ್ ರಕ್ತಪರೀಕ್ಷೆ, ಆಮದು ಪರವಾನಗಿ ಬೇಕು, ಕೆಲವು ತಳಿಗಳಿಗೆ ಪ್ರವೇಶವೇ ಇಲ್ಲ. ನವೆಂಬರಿನಿಂದ ಮಾರ್ಚ್ ತನಕ ಮಾತ್ರ ಹವೆ ಹಿತ. ಹೆಚ್ಚಿನ ಸಾರ್ವಜನಿಕ ಕಡಲತೀರಗಳಿಗೆ ನಾಯಿಯನ್ನು ಬಿಡುವುದಿಲ್ಲ. ಹತ್ತು ದಿನಕ್ಕೆ ಇಷ್ಟು ಕಾಗದ ಮಾಡುವುದು ಲಾಭವಲ್ಲ. ಅಲ್ಲಿಗಾದರೆ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಮಕ್ಕಳ ನಾಯಿ ಅಲ್ಲೇ ಇದ್ದರೆ

ಮಗಳೋ ಅಳಿಯನೋ ಜರ್ಮನಿಯಲ್ಲೋ ನೆದರ್ಲೆಂಡಿನಲ್ಲೋ ನಾಯಿ ಸಾಕಿದ್ದರೆ, ಅದಕ್ಕೆ ಯುರೋಪಿನ ಪೆಟ್ ಪಾಸ್‌ಪೋರ್ಟ್ ಇದ್ದರೆ, ಮೊದಲ ಪ್ರವಾಸಕ್ಕೆ ಇದೇ ಅತಿ ಸುಲಭದ ದಾರಿ. ಒಕ್ಕೂಟದೊಳಗೆ ಆ ನಾಯಿಗೆ ರಕ್ತಪರೀಕ್ಷೆ ಬೇಡ, ವಿಮಾನ ಬೇಡ. ಅಪ್ಪ ಅಮ್ಮ ಬರೇ ಬಟ್ಟೆಬರೆ ಹಿಡಿದು ಹೋದರಾಯಿತು. ಬಲಗಡೆಯ ಓಡಾಟ ರೂಢಿಯಿರುವ ಮಕ್ಕಳೇ ವ್ಯಾನ್ ಓಡಿಸುತ್ತಾರೆ. ಮನೆಯ ನಾಯಿಗೆ ಹತ್ತು ವರ್ಷ ದಾಟಿದ್ದರೆ, ಅಥವಾ ಅದು ಗೂಡು ಕಂಡರೆ ನಡುಗುವ ಜೀವವಾದರೆ, ಬೇರೆ ಯೋಚನೆ ಬೇಡ. ತೋಟ ನೋಡಿಕೊಳ್ಳುವವರ ಕೈಯಲ್ಲಿ, ಅದರದ್ದೇ ಜಗಲಿಯಲ್ಲಿ ಇರುವುದು ಅದಕ್ಕೆ ಸುಖ.

ಯಾವ ವ್ಯಾನ್?

ಯುರೋಪಿನ ಬಾಡಿಗೆಗೆ ಮೂರು ಬಗೆ. ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾದಂಥ ಸಣ್ಣ ವ್ಯಾನ್ ಐದು ಮೀಟರಿನ ಆಸುಪಾಸು, ಕಾರಿನ ಹಾಗೆ ಓಡುತ್ತದೆ, ಹಳೆಪೇಟೆಯ ಸಂದಿಗಳಿಗೂ ನುಗ್ಗುತ್ತದೆ. ಆದರೆ ಮಳೆ ಹಿಡಿದರೆ ಇಬ್ಬರು, ಒಂದು ಒದ್ದೆ ನಾಯಿ, ನಡುವೆ ಜಾಗವಿಲ್ಲ; ಶೌಚಾಲಯವೂ ಸಾಮಾನ್ಯವಾಗಿ ಇರುವುದಿಲ್ಲ. ಫಿಯಟ್ ಡುಕಾಟೊ ಮೇಲೆ ಕಟ್ಟಿದ ಆರು ಮೀಟರಿನ ವ್ಯಾನಿನಲ್ಲಿ ಹಿಂದೆ ಅಡ್ಡ ಮಂಚ, ಅದರಡಿಯಲ್ಲಿ ಖಾಲಿ ಜಾಗ. ನಾಯಿಯ ಗೂಡನ್ನು ಅಲ್ಲಿ ಪಟ್ಟಿ ಬಿಗಿದು ಕೂರಿಸಬಹುದು. ಇಬ್ಬರು ಮತ್ತು ಒಂದು ನಾಯಿಗೆ ನಮ್ಮ ಆಯ್ಕೆ ಇದೇ. ಜರ್ಮನಿಯ ನಿಯಮದಲ್ಲಿ ವಾಹನದೊಳಗಿನ ನಾಯಿಯನ್ನೂ ಸರಕಿನ ಹಾಗೆ ಭದ್ರಪಡಿಸಲೇಬೇಕು, ಮಡಿಲಲ್ಲಿ ಕೂರಿಸಿಕೊಂಡು ಹೋಗುವಂತಿಲ್ಲ.

ನಾಲ್ಕು ಜನರಿದ್ದರೆ ಏಳು ಮೀಟರಿನ ಮೋಟಾರ್‌ಹೋಮ್ ಬೇಕಾಗುತ್ತದೆ, ಆಗ ಭಾರದ ಲೆಕ್ಕ ಹಿಡಿಯುತ್ತದೆ. ನಮ್ಮ ಎಲ್.ಎಂ.ವಿ. (ಲಘು ಮೋಟಾರು ವಾಹನ) ಲೈಸೆನ್ಸ್ 7,500 ಕಿಲೋ ತನಕ ನಡೆದರೂ ಅಲ್ಲಿ ಕಾರಿನ ವರ್ಗ 3,500 ಕಿಲೋಕ್ಕೆ ನಿಲ್ಲುತ್ತದೆ. ಖಾಲಿ ಗಾಡಿಯೇ 3,050 ಇದ್ದರೆ ಉಳಿಯುವುದು 450. ನಾಲ್ವರಿಗೆ 280, ನಾಯಿ ಮತ್ತು ಗೂಡಿಗೆ 40, ತುಂಬಿದ ನೀರಿನ ಟ್ಯಾಂಕಿಗೆ 100, ಚೀಲ ಪಾತ್ರೆಗಳಿಗೆ 80. ಒಟ್ಟು 500 ಆಯಿತು, 50 ಕಿಲೋ ಹೆಚ್ಚು. ಪರಿಹಾರ ಸುಲಭ: ಓಡುವಾಗ ಟ್ಯಾಂಕಿನಲ್ಲಿ ಕಾಲು ಭಾಗ ನೀರು ಮಾತ್ರ ಇಡಿ, ನಿಲ್ಲುವಲ್ಲಿ ತುಂಬಿಸಿ. 25 ಕಿಲೋದ ನಾಯಿಗೆ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರು ಬೇಕು, ಅದನ್ನು ಬೇರೆ ಕ್ಯಾನಿನಲ್ಲಿಡಿ.

ಬಾಡಿಗೆ ಕರಾರಿನಲ್ಲಿ ನಾಯಿಗೆ ಅನುಮತಿ, ಶುಚಿಗೊಳಿಸುವ ಶುಲ್ಕ, ಠೇವಣಿ ಎಷ್ಟು ಎಂದು ಓದಿ. ಫೋನಿನಲ್ಲಿ “ಆಯ್ತು, ತನ್ನಿ” ಅಂದದ್ದು ಕರಾರಾಗುವುದಿಲ್ಲ. ರಾತ್ರಿ ತಂಗುವ ನಿಯಮವೂ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ರಸ್ತೆಬದಿ ನಿಲ್ಲಬಹುದು, ಕುರ್ಚಿ ಮೇಜು ಹೊರಗಿಡುವಂತಿಲ್ಲ. ಕ್ರೊಯೇಷಿಯಾದಲ್ಲಿ ಕ್ಯಾಂಪಿನ ಹೊರಗೆ ತಂಗುವುದೇ ನಿಷಿದ್ಧ.

ನೇಪಾಳವಾಗಲಿ ಯುರೋಪಾಗಲಿ, ಎರಡು ಅಪಾಯಗಳು ನಾಯಿಗೇ ಮೊದಲು ತಟ್ಟುತ್ತವೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ, ನಾಯಿ ಮಲಗುವುದೂ ಅಲ್ಲೇ. ಸಿಲಿಂಡರ್ ಇರುವ ಖಾನೆಗೆ ತಳದಲ್ಲಿ ಹೊರಗೆ ತೆರೆಯುವ ತೂತು ಇದೆಯೇ ನೋಡಿ, ಅನಿಲ ಎಚ್ಚರಿಕೆಯ ಯಂತ್ರವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೂರಿಸಿ. ಇನ್ನೊಂದು ಬಿಸಿ. ಹೊರಗೆ 21 ಡಿಗ್ರಿಯ ತಂಪಿದ್ದರೂ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ವಾಹನದೊಳಗೆ ಹತ್ತು ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಆಗುತ್ತದೆ. ನಮ್ಮ ಸೆಕೆಗೆ ಒಗ್ಗಿದ ನಾಯಿ ತಡೆಯುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ. ಗಾಳಿಯಾಡದಲ್ಲಿ ಏದುಸಿರು ಬಿಟ್ಟರೂ ಅದರ ಮೈ ತಣಿಯುವುದಿಲ್ಲ.

ದಿನಗಳ ಲೆಕ್ಕ

ಮೇ ತಿಂಗಳ ಯುರೋಪಿಗೆ: ಹಿಂದಿನ ನವರಾತ್ರಿಗೆ ಚಿಪ್ ಮತ್ತು ಮೊದಲ ಲಸಿಕೆ, ದೀಪಾವಳಿ ಕಳೆದು ಎರಡನೆಯದು, ಡಿಸೆಂಬರಿನಲ್ಲಿ ರಕ್ತ. ಮಾರ್ಚ್ ಕೊನೆಗೆ ಕಾಯುವ ಕಾಲ ಮುಗಿಯುತ್ತದೆ, ಕೊಯ್ಲೂ ಮುಗಿದಿರುತ್ತದೆ. ವೀಸಾ, ಕ್ವಾರಂಟೈನ್ ಕಚೇರಿಯ ಓಡಾಟಕ್ಕೆ ಏಪ್ರಿಲ್ ಇಡೀ ಇದೆ. ಅಕ್ಟೋಬರಿನ ನೇಪಾಳಕ್ಕೆ ಆಗಸ್ಟಿನಲ್ಲಿ ಶುರುಮಾಡಿದರೂ ಸಾಕು. ಅದಕ್ಕೆ ಮೊದಲು ಬೇಕಲಕ್ಕೋ ಮಡಿಕೇರಿಗೋ ಎರಡು ರಾತ್ರಿ ವ್ಯಾನಿನಲ್ಲೇ ಮಲಗಿ ನೋಡಿ. ನಾಯಿ ರಾತ್ರಿ ಬೊಗಳುತ್ತದೋ, ಘಾಟಿಯಲ್ಲಿ ವಾಂತಿ ಮಾಡುತ್ತದೋ ಎಂಬುದು ಮನೆಯ ಹತ್ತಿರವೇ ಗೊತ್ತಾಗಲಿ.

ವಿಮಾನದ ಪೆಟ್ಟಿಗೆಯನ್ನು ಎರಡು ತಿಂಗಳು ಮೊದಲೇ ಜಗಲಿಯಲ್ಲಿ ಬಾಗಿಲು ತೆರೆದಿಡಿ, ಊಟ ಅದರೊಳಗೇ ಆಗಲಿ; ಮೂರನೆಯ ವಾರದಿಂದ ಬಾಗಿಲು ಹಾಕಿ ಹತ್ತು ನಿಮಿಷ, ಕೊನೆಗೆ ಇಡೀ ರಾತ್ರಿ. ನಿದ್ದೆಮಾತ್ರೆ ಕೊಡಬೇಡಿ. ಮೇಲಿನ ಗಾಳಿಯ ಒತ್ತಡದಲ್ಲಿ ಅದರ ಪರಿಣಾಮ ಹೇಳಲಾಗದು, ಮಂಪರಿನಲ್ಲಿರುವ ನಾಯಿಯನ್ನು ವಿಮಾನದವರೂ ಒಪ್ಪುವುದಿಲ್ಲ. ಬಾಗಿಲಿಗೆ ಸಿಕ್ಕಿಸುವ ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ. ಹತ್ತಿಸುವಾಗ ಪೆಟ್ಟಿಗೆ ವಾಲಿದರೂ ಮಂಜುಗಡ್ಡೆ ಚೆಲ್ಲುವುದಿಲ್ಲ, ಹಾಸು ಒದ್ದೆಯಾಗುವುದಿಲ್ಲ, ವಿಮಾನ ಮೇಲೇರಿದ ಮೇಲೆ ಅದು ನಿಧಾನಕ್ಕೆ ಕರಗಿ ನಾಯಿಗೆ ಕುಡಿಯಲು ಸಿಗುತ್ತದೆ.